ಲೈನ್ ಕ್ಲಿಯರ್

ಸಾಲಗಾಮೆ ರಸ್ತೆಯ ಈ ಮನೆಗೆ ಬೋರ್ಡಿಲ್ಲ.
ಗೇಟಿನಲ್ಲೇ ಬೆಲ್ಟು ಬಿಚ್ಚಿಸಿದರು, ಫೋನು ಇಸಿದುಕೊಂಡರು,
ಜೇಬುಗಳ ಒಳಮೈ ಹೊರಗೆಳೆದು ಕೊಡವಿದರು.
ಬಿದ್ದದ್ದು ಒಂದು ಚೂರು ಬೆಳ್ಳಿಹಾಳೆ,
ಖಾಲಿ ಸ್ಟ್ರಿಪ್ಪಿನ ಮೂಲೆ.
ಹೆಸರು? ಧರಣೇಂದ್ರ.
ಕೆಲಸ? ಲೈನ್‌ಮನ್.
ದಿನಕ್ಕೆ ಎಷ್ಟು?
ಎಂಟು ಅಂದೆ. ಹದಿನಾಲ್ಕು ಅಂತ ಬರೆದುಕೊಂಡರು,
ನನ್ನ ಮುಖ ನೋಡದೆ.

ಮೊದಲು ನೋವಿತ್ತು, ಇದನ್ನು ಯಾರಿಗಾದರೂ ಹೇಳಬೇಕು.
ದುದ್ದದ ಹತ್ತಿರ ಕಂಬದಿಂದ ಬಿದ್ದದ್ದು ನಿಜ,
ಸೊಂಟದ ಎಲುಬಿಗೆ ಎರಡು ಮೊಳೆ ಹೊಡೆದದ್ದು ನಿಜ,
ಡಾಕ್ಟರು ಬರೆದ ಚೀಟಿಯೂ ನಿಜ.
ಆಮೇಲಿನದೆಲ್ಲ ಮೆಡಿಕಲ್ ಶಾಪಿನ ಹಿಂಬಾಗಿಲು.

ಎರಡನೇ ದಿನವೆಲ್ಲ ಆಕಳಿಕೆ. ಕಣ್ಣು, ಮೂಗು ಒಟ್ಟಿಗೇ ಸೋರಿದವು.
ಮೂರನೇ ರಾತ್ರಿ ಕಾಲು ನನ್ನ ಮಾತು ಕೇಳಲಿಲ್ಲ,
ಮಂಚದ ಕಬ್ಬಿಣ ಒದ್ದೂ ಒದ್ದೂ ಹಿಮ್ಮಡಿ ಒಡೆಯಿತು.
"ಪುಕ್ಕ ಕಿತ್ತ ಕೋಳಿ ಥರ ಆಗಿದೀಯ ಕಣಯ್ಯ"
ಅಂದ ಬಾಬಾಜಾನ್, ಆಲೂಗಡ್ಡೆ ಲಾರಿಯವನು,
ನನಗಿಂತ ಹನ್ನೊಂದು ದಿನ ಸೀನಿಯರ್.
ಕೋಳಿ ಮುಟ್ಟದ ಜೈನರ ಮನೆಯವನು ನಾನು, ನಕ್ಕೆ.
ನಕ್ಕದ್ದಕ್ಕೇ ವಾಂತಿಯಾಯಿತು.
ಬಕೆಟ್ಟು ಹಿಡಿದವನೂ ಅವನೇ.

ನಮ್ಮಲ್ಲಿ ಕಂಬ ಹತ್ತುವ ಮುಂಚೆ ಸ್ಟೇಷನ್ನಿಗೆ ಫೋನು ಮಾಡಿ
ಎಲ್.ಸಿ. ತಗೋಬೇಕು. ಲೈನು ಸತ್ತಿದೆ ಅಂತ ಅವರು ಹೇಳಬೇಕು.
ಹೇಳಿದರೂ ನಂಬಬಾರದು.
ಆಫ್ ಆದ ತಂತಿಯಲ್ಲೂ ಎಲ್ಲಿಂದಲೋ ಬಂದ ಕರೆಂಟು ಕೂತಿರುತ್ತದೆ,
ಸರಪಳಿ ಎಸೆದು ಅದನ್ನು ಮೊದಲು ಮಣ್ಣಿಗಿಳಿಸಬೇಕು.
ಇದನ್ನೆಲ್ಲ ಸುಗುಣಾ ಸಿಸ್ಟರಿಗೆ ಹೇಳಿದೆ, ರಾತ್ರಿ ಮೂರು ಗಂಟೆಗೆ.
ಬಿ.ಪಿ. ಪಟ್ಟಿ ಬಿಚ್ಚುತ್ತ ಕೇಳಿಸಿಕೊಂಡರು.
"ಬೆವರು ಒರೆಸ್ಕೊಳ್ಳಿ, ಬನಿಯನ್ ಬದಲಾಯಿಸಿ" ಅಂದರು.

ಬೆಳಿಗ್ಗೆ ಹತ್ತಕ್ಕೆ ಪ್ಲಾಸ್ಟಿಕ್ ಕುರ್ಚಿಗಳ ಸುತ್ತು.
ಒಬ್ಬ ಹೆಂಡತಿಯ ಓಲೆ ಮಾರಿದ್ದು ಹೇಳಿದ.
ನಾನು ಕಂಬ ಹೇಳಿದೆ, ಎಲುಬು, ಮೊಳೆ ಹೇಳಿದೆ.
ಅವ್ವನ ಡಬ್ಬಿ ಹೇಳಲಿಲ್ಲ.

ಅವ್ವನ ಹೊಟ್ಟೆಯ ಗಡ್ಡೆಗೆ ಮೈಸೂರಿಂದ ಬರುತ್ತಿದ್ದ ಮಾತ್ರೆ.
ಅದನ್ನು ತೆಗೆದು, ಅದೇ ಬಣ್ಣದ, ಅದೇ ದಪ್ಪದ
ಸುಣ್ಣದ ಮಾತ್ರೆ ತುಂಬಿಟ್ಟೆ, ನಲವತ್ತು ದಿನ.
ಅವಳು ಹೊತ್ತು ಮುಳುಗುವ ಮುಂಚೆ ಊಟ ಮುಗಿಸಿ
ಒಂದು ನುಂಗಿ, ಕಾದು, ಇನ್ನಷ್ಟು ಕಾದು,
"ಇದ್ರಲ್ಲಿ ಯಾಕೋ ಕಸುವೇ ಇಲ್ಲ ಕಣೋ ಧರಣಿ" ಅನ್ನುತ್ತಿದ್ದಳು.
ಆಮೇಲೆ ಸೆರಗು ಕಚ್ಚಿಕೊಳ್ಳುತ್ತಿದ್ದಳು.
ಪಕ್ಕದ ಕೋಣೆಯಲ್ಲಿ ನಾನು ಹಗುರಾಗಿ, ಬೆಚ್ಚಗೆ,
ಲೋಕದಲ್ಲಿ ಯಾರ ಮೇಲೂ ಸಿಟ್ಟಿಲ್ಲದೆ
ಮಲಗಿರುತ್ತಿದ್ದೆ.

ಏಳನೇ ರಾತ್ರಿ ಗಾಳಿಗೆ ಕರೆಂಟು ಹೋಯಿತು.
ಕತ್ತಲಲ್ಲೂ ಗೊತ್ತಾಯಿತು, ಹನ್ನೆರಡು ಮುಖ ನನ್ನ ಕಡೆ ತಿರುಗಿದ್ದು.
ಕಿಟಕಿಯಿಂದಲೇ ಕಂಡಿತು: ಜಂಪರ್ ಕಿತ್ತಿದೆ, ಹತ್ತು ನಿಮಿಷದ ಕೆಲಸ.
ಬೀಗ ಹಾಕಿದ ಗೇಟಿನಾಚೆ ಒಬ್ಬ ಹುಡುಗ ಬಂದ,
ಮೀಸೆ ಈಗಷ್ಟೇ ಬಂದವನು, ಟಾರ್ಚನ್ನು ಬಾಯಲ್ಲಿ ಕಚ್ಚಿ
ಕಂಬಕ್ಕೆ ಕಾಲಿಟ್ಟ.
ಸರಪಳಿ ಎಸೆದಿರಲಿಲ್ಲ.
ಕೂಗಿದೆ. ಈ ಮನೆಗೆ ಬಂದಮೇಲೆ ಮೊದಲ ಸಲ ನನ್ನ ಪೂರಾ ದನಿ:
"ಲೇ! ಎಲ್.ಸಿ. ತಗೊಂಡ್ಯೇನೋ? ಅರ್ತ್ ಮಾಡೋ ಮೊದ್ಲು!"
ಇಳಿದ. ಬೈದುಕೊಂಡೇ ಇಳಿದ.

ಲೈಟು ಬಂದಾಗ ನನ್ನ ಕೈ ನಡುಗುತ್ತಿತ್ತು.
ಈ ನಡುಕ ಮಾತ್ರೆಯದಲ್ಲ ಅನ್ನಿಸಿತು. ಖಾತ್ರಿಯಿಲ್ಲ.

ಬೆಳಿಗ್ಗೆ ಉಪ್ಪಿಟ್ಟಿಗೆ ಉಪ್ಪು ಜಾಸ್ತಿಯಾಗಿತ್ತು.
ದಿನವೂ ಜಾಸ್ತಿಯಂತೆ, ಬಾಬಾಜಾನ್ ಹೇಳಿದ,
ನಿನಗೆ ಇವತ್ತು ಗೊತ್ತಾಗಿದೆ ಅಷ್ಟೆ.

ಹತ್ತು ಗಂಟೆ. ಕುರ್ಚಿ ಎಳೆದು ಕೂತೆ.
"ನಮ್ಮವ್ವನ ಹತ್ರ ಒಂದು ಸ್ಟೀಲ್ ಡಬ್ಬಿ ಇತ್ತು" ಅಂದೆ,
ಮುಂದೆ ಬರಲಿಲ್ಲ.
ಯಾರೂ ಅವಸರ ಮಾಡಲಿಲ್ಲ.
ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು,
ಆ ಹುಡುಗ ಕಟ್ಟಿಹೋದ ಜಂಪರಿನ ಕರೆಂಟಿನಲ್ಲಿ.